ಬೊಬ್ರುವಾಡದ ಬಾಗಿಲಿಗೊಂದು ಸ್ಪಿನ್ನರ್

ಆ ದಿನ ಏನೇನು ಕೆಡಬಹುದು ಎಂಬುದನ್ನು ನಾನು ಹಲ್ಲುಜ್ಜುವಾಗಲೇ ಯೋಚಿಸಿ ಮುಗಿಸಿದ್ದೆ. ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸು ಅವರ್ಸಾದ ಹತ್ತಿರ ಕೆಟ್ಟು ನಿಲ್ಲಬಹುದು. ಹೆಂಡತಿ ಉಟ್ಟ ಒಳ್ಳೆಯ ಸೀರೆಗೆ ಪಕ್ಕದವರ ಮೀನಿನ ಬುಟ್ಟಿಯ ನೀರು ತಾಗಬಹುದು. ಹುಡುಗನ ಮನೆಯವರು ಕೊಟ್ಟ ಚಹಾ ನನ್ನ ಅಂಗಿಯ ಮೇಲೆ ಚೆಲ್ಲಬಹುದು. ನಿಮ್ಮ ಕಸುಬು ಏನು ಎಂದು ಯಾರಾದರೂ ನೇರವಾಗಿ ಕೇಳಬಹುದು. ಕೇಳದೆಯೇ, ನನ್ನ ಉಗುರಿನ ಸಂದಿಯಲ್ಲಿ ಉಳಿದ ಹಿತ್ತಾಳೆಯ ಪುಡಿ ನೋಡಿ ತಿಳಿದುಕೊಳ್ಳಬಹುದು. ಚೀಲದೊಳಗಿನ ಸ್ಪಿನ್ನರ್ ಎಂಬ ಬೀಗ ತೆಗೆಯುವ ಸಾಧನ ತಾನಾಗಿ ಬಿಚ್ಚಿಕೊಂಡು, ಸಂಬಂಧದ ಮಾತಿನ ನಡುವೆ ಟಪ್ಪೆಂದು ಸದ್ದು ಮಾಡಬಹುದು.

ಹೌದು, ಮಗಳಿಗೆ ಗೊತ್ತುಮಾಡುವ ಮನೆ ನೋಡಲು ಹೊರಟಾಗಲೂ ಕಸುಬಿನ ಚೀಲ ಹೆಗಲಿಗೆ ಹಾಕಿಕೊಳ್ಳುವವನು ನಾನು.

"ಹುಡುಗನ ಮನೆ ನೋಡೂಕೆ ಹೋಗೂದು ನಾವು. ಕೀಲಿ ತೆಗೆಯೂಕಲ್ಲ," ಎಂದಳು ಹೆಂಡತಿ.

"ದಾರೀಲಿ ಯಾರಾದ್ರೂ ಕರೆದ್ರೆ?"

"ಅಂಗಡಿ ತೆರೆದು ಕೂತಾಗ್ಲೇ ಕರೆಯೂರಿಲ್ಲ. ದಾರೀಲಿ ಯಾರು ಕರೀತಾರೆ?"

ನನ್ನ ಅಂಗಡಿ ಇರುವುದು ಕಾರವಾರದಲ್ಲಿ, ಬೈತಖೋಲಕ್ಕೆ ಹೋಗುವ ರಸ್ತೆಯ ಬದಿಯಲ್ಲಿ. ಅಂಗಡಿ ಎಂದರೆ ತಗಡಿನ ಡಬ್ಬಿ. ಅದರಲ್ಲಿ ಕೂತು ಚಾವಿ ಕೆತ್ತುತ್ತೇನೆ, ಚಾವಿ ಕಳೆದುಕೊಂಡವರ ಮನೆಗೆ ಹೋಗಿ ಬೀಗ ತೆಗೆಯುತ್ತೇನೆ, ಎದುರಿಗೆ ನಾಲ್ಕಾರು ಹೊಸ ಬೀಗಗಳನ್ನು ತೂಗುಹಾಕಿ ಮಾರುತ್ತೇನೆ. ಸಂಬಂಧ ತಂದ ದೂರದ ಮಾವ ಆ ನಾಲ್ಕಾರು ಬೀಗಗಳನ್ನೇ ಹಿಗ್ಗಿಸಿ, "ಹುಡುಗಿ ಅಪ್ಪಂದು ಹಾರ್ಡ್‌ವೇರ್ ವ್ಯವಹಾರ" ಎಂದು ಅಂಕೋಲೆಯ ಬೊಬ್ರುವಾಡದಲ್ಲಿ, ಹುಡುಗನ ಮನೆಯಲ್ಲಿ ಹೇಳಿಬಂದಿದ್ದರು. ಹುಡುಗನಿಗೆ ಕಾರವಾರದ ಕಚೇರಿಯಲ್ಲಿ ನೌಕರಿ. ಅಪ್ಪ ನಿವೃತ್ತರು, ಗದ್ದೆಯೂ ಉಂಟು. ಬಂದ ಸಂಬಂಧಗಳಿಗೆಲ್ಲ ಮೂಗು ಮುರಿಯುತ್ತಿದ್ದ ನನ್ನ ಮಗಳು ಇವನನ್ನು ನೋಡಿದ ಸಂಜೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಪ್ಪಾ, ಇದೊಂದು ಆದ್ರೆ ಸಾಕು" ಎಂದಿದ್ದಳು. ಅವಳು ಹಾಗೆ ಏನನ್ನೂ ಕೇಳಿದವಳಲ್ಲ. ನನ್ನ ನಿದ್ದೆ ಕೆಟ್ಟದ್ದು ಅಲ್ಲಿಂದ.

ಸ್ಪಿನ್ನರಿನ ಸುದ್ದಿ ಅದಕ್ಕೂ ಸ್ವಲ್ಪ ಹಿಂದಿನದು. ಚಾವಿ ಇಲ್ಲದೆ ಬೀಗ ತೆಗೆಯುವಾಗ, ಚಾವಿಯೊಡನೆ ತಿರುಗುವ ಒಳಗಿನ ಉರುಳೆ ಒಮ್ಮೊಮ್ಮೆ ತಪ್ಪು ದಿಕ್ಕಿಗೆ ತಿರುಗಿಬಿಡುತ್ತದೆ. ಮೆಲ್ಲಗೆ ವಾಪಸು ತಂದರೆ ಅದನ್ನು ತಡೆದು ನಿಲ್ಲಿಸುವ ಮೇಲಿನ ಪಿನ್ನುಗಳು ತಮ್ಮ ತಮ್ಮ ಕುಳಿಗಳಿಗೆ ಇಳಿದು ಕೂರುತ್ತವೆ, ಪಟ್ಟ ಪಾಡೆಲ್ಲ ಮತ್ತೆ ಮೊದಲಿನಿಂದ. ಆ ಪಿನ್ನುಗಳಿಗೆ ಇಳಿಯಲು ಪುರಸೊತ್ತೇ ಕೊಡದೆ ಉರುಳೆಯನ್ನು ಒಂದೇ ಏಟಿಗೆ ಆಚೆ ದಾಟಿಸುವ ಸ್ಪ್ರಿಂಗಿನ ಸಾಧನ ಪ್ಲಗ್ ಸ್ಪಿನ್ನರ್. ಪ್ರಾಯದಲ್ಲಿ ನನಗೆ ಅದು ಬೇಕಿರಲಿಲ್ಲ. ಮೊದಲಿನಿಂದ ಶುರುಮಾಡುವುದು ಆಗ ಒಂದು ಕೆಲಸವೇ ಅಲ್ಲ. ಈಗ ಕನ್ನಡಕ ಮೂಗಿಂದ ಜಾರುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಒಮ್ಮೆ ಆದದ್ದು ಮತ್ತೊಮ್ಮೆ ಆಗುತ್ತದೆಂಬ ಧೈರ್ಯವಿಲ್ಲ.

ಕೈಯಲ್ಲಿ ಮೂರು ಸೇರಿದವು. ಒಂದು, ಹಳೆಯ ಗೋಡೆ ಗಡಿಯಾರದ ಸ್ಪ್ರಿಂಗಿನಿಂದ ನಾನೇ ಮಾಡಿಕೊಂಡದ್ದು, ಮೊದಲ ದಿನವೇ ನನ್ನ ಹೆಬ್ಬೆರಳಿಗೆ ಹೊಡೆದಿತ್ತು. ಇನ್ನೊಂದು, ಫೋನಿನಲ್ಲಿ ನೋಡಿ ತರಿಸಿದ್ದು. ಥಳಥಳ ಹೊಳೆಯುತ್ತಿತ್ತು, ಬಂದ ಡಬ್ಬಿಯಂತೂ ಬಂಗಾರ ಇಡುವಂಥದ್ದು. ಮತ್ತೊಂದು, ಮಡಗಾಂವಿನಲ್ಲಿ ಇದೇ ಕಸುಬು ಮಾಡುವ ಪರಿಚಯದವನ ಮೂಲಕ ಬಂದ ಭಾರದ, ಮಂಕು ಬಣ್ಣದ ತುಂಡು. ಅಂಗಡಿಯ ಹಳೆಯ ಬೀಗಗಳನ್ನು ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ ಪರೀಕ್ಷೆ ಮಾಡಿದೆ. ಮೂರೂ ಪಾಸಾದವು. ಬೇರೆಯವರಾದರೆ ಖುಷಿಪಡುತ್ತಿದ್ದರು. ಮೂರೂ ಸರಿ ಅಂದರೆ ಎಲ್ಲೋ ನಾನೇ ತಪ್ಪಿದ್ದೇನೆ ಎಂದು ಬೀಗಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ.

ತಪ್ಪು ಇದ್ದದ್ದು ಬೀಗದಲ್ಲೇ. ನಮ್ಮ ಕಡೆ ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಮಳೆಗಾಲಕ್ಕೆ ಮುಂಚೆ ಎಲ್ಲರೂ ಚಾವಿಯ ತೂತಿಗೆ ತೆಂಗಿನೆಣ್ಣೆ ಬಿಡುತ್ತಾರೆ. ತಲೆಗೆ ಹಚ್ಚಿ ಅಂಗೈಯಲ್ಲಿ ಉಳಿದದ್ದು ಬಾಗಿಲ ಬೀಗಕ್ಕೆ. ಈ ಕಸುಬಿನಲ್ಲಿರುವ ನಾನೂ ಬಿಡುತ್ತೇನೆ, ನನ್ನ ಅಪ್ಪನೂ ಬಿಡುತ್ತಿದ್ದ. ಎಣ್ಣೆ ಒಳಗೇ ಉಳಿದು ಜಿಗುಟಾಗಿ, ಪಿನ್ನುಗಳು ಊಟದ ಪಂಕ್ತಿಯಿಂದ ಏಳುವ ಮುದುಕರ ಹಾಗೆ ತಡೆದು ತಡೆದು ಇಳಿಯುತ್ತವೆ. ಅಂಥ ಪಿನ್ನಿನ ಮುಂದೆ ಯಾವ ಸ್ಪಿನ್ನರ್ ಆದರೂ ಗೆಲ್ಲುತ್ತದೆ. ಬೀಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಪರೀಕ್ಷಿಸಿದೆ. ಹೊಳೆಯುವುದು ಪ್ರತಿ ಸಲವೂ ಸೋತಿತು. ನಾನು ಮಾಡಿದ್ದು ಒಮ್ಮೆ ಗೆದ್ದು, ಆ ಖುಷಿಗೆ ಸ್ಪ್ರಿಂಗನ್ನು ಗಟಾರಕ್ಕೆ ಎಸೆದುಕೊಂಡಿತು. ಮಂಕು ತುಂಡು ಮಾತ್ರ ಎರಡೂ ದಿಕ್ಕಿಗೆ ಒಂದೇ ಏಟಿಗೆ ದಾಟಿಸುತ್ತಿತ್ತು, ಅದರ ಅಲಗು ಎಂಥ ಇಕ್ಕಟ್ಟಿನ ತೂತಿಗೂ ಹೋಗುತ್ತಿತ್ತು. ಆದರೂ ಸಮಾಧಾನವಾಗದೆ ಅದನ್ನು ಸಮುದ್ರದ ಕಡೆಯ ಕಿಟಕಿಯಲ್ಲಿಟ್ಟು ತುಕ್ಕು ಬರುತ್ತದೋ ಎಂದು ದಿನಾ ನೋಡಿದೆ.

"ಅಳಿಯನ್ನ ಆರಿಸೂಕೂ ಇಷ್ಟು ದಿನ ತಗೊಂಡಿಲ್ಲ ನೀವು," ಎಂದಳು ಹೆಂಡತಿ.

ಬಸ್ಸು ಕೆಡಲಿಲ್ಲ. ಸೀರೆಗೆ ಏನೂ ತಾಗಲಿಲ್ಲ. ಬೊಬ್ರುವಾಡದಲ್ಲಿ ಹುಡುಗ, ಅವನ ಅಪ್ಪ, ಅಮ್ಮ ಮೂವರೂ ಪದ್ಧತಿಯಂತೆ ನಮ್ಮನ್ನು ಕರೆದುಕೊಳ್ಳಲು ಅಂಗಳದ ಬೇಲಿಯ ದಣಪೆಯವರೆಗೆ ಬಂದರು. ಅವರ ಬೆನ್ನ ಹಿಂದೆ ಗಾಳಿಗೆ ಬಾಗಿಲು ಧಡ್ ಎಂದು ಹಾಕಿಕೊಂಡಿತು. ಎಳೆದರೆ ತಾನೇ ಬೀಳುವ ಜಾತಿಯ ಬೀಗ. ಚಾವಿಗಳೆಲ್ಲ ಒಳಗೆ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗಳಿ, ಕಿಟಕಿಗಳಿಗೆ ಸರಳು. ಒಲೆಯ ಮೇಲೆ ನಮಗಾಗಿ ಇಟ್ಟ ಹಾಲು.

ಪಕ್ಕದ ಮನೆಯಾತ ಹಾರೆ ಹಿಡಿದೇ ಬಂದ. ಹುಡುಗನ ಅಪ್ಪ ಬಾಗಿಲಿಗೆ ಅಡ್ಡ ನಿಂತರು. "ತಡಿಯಾ ಮಾರಾಯಾ. ಹಲಸಿನ ಹಲಗೆ ಅದು, ಮೊನ್ನೆ ಮೊನ್ನೆ ಮಾಡ್ಸದ್ದು."

"ಮತ್ತೆ ಹಾಲು ಹೊತ್ತೂದು ನೋಡ್ತಾ ನಿಲ್ಲೂದಾ? ಗ್ಯಾಸ್ ಉಂಟು ಒಳಗೆ," ಎಂದರು ಹುಡುಗನ ಅಮ್ಮ. ಅವರ ಕಣ್ಣು ತುಂಬಿತ್ತು. ಸೀದ ವಾಸನೆ ಆಗಲೇ ಜಗಲಿಗೆ ಬರುತ್ತಿತ್ತು.

ನನ್ನ ಹೆಂಡತಿ ನನ್ನ ಚೀಲ ನೋಡಿದಳು, ಆಮೇಲೆ ರಸ್ತೆ ನೋಡಿದಳು. ನಾನು ಹಾರ್ಡ್‌ವೇರ್ ವ್ಯವಹಾರದವನ ಹಾಗೆ ನಿಂತೇ ಇದ್ದೆ. ಕೊನೆಗೆ ಅವಳೇ ಮೆಲ್ಲಗೆ, "ತೆಗೀರಿ," ಎಂದಳು.

ಇಸ್ತ್ರಿ ಪ್ಯಾಂಟಿನಲ್ಲೇ ಮೊಣಕಾಲೂರಿ ಕೂತೆ. ಚಾವಿಯ ತೂತಿನಿಂದ ತೆಂಗಿನೆಣ್ಣೆಯ ಕಮಟು ವಾಸನೆ. ಕೊಕ್ಕೆ ಹಾಕಿ ಪಿನ್ನುಗಳನ್ನೆತ್ತಿದೆ, ಹೆದರಿದಂತೆಯೇ ಉರುಳೆ ತಪ್ಪು ದಿಕ್ಕಿಗೆ ತಿರುಗಿ ಕೂತಿತು. ಚೀಲದಿಂದ ಆ ಮಂಕು ಸ್ಪಿನ್ನರ್ ತೆಗೆದು ಅಲಗು ಒಳಗಿಟ್ಟೆ. ಟಪ್. ಬಾಗಿಲು ತೆರೆದುಕೊಂಡಿತು. ಅಮ್ಮ ನನ್ನನ್ನು ದಾಟಿ ಒಲೆಯ ಕಡೆ ಓಡಿದರು.

ಹುಡುಗನ ಅಪ್ಪ ಬಾಗಿಲನ್ನು ಹಿಂದೆ ಮುಂದೆ ಆಡಿಸಿ ನೋಡಿದರು. "ಇಷ್ಟೇಯಾ?"

"ಎಲ್ಲಾ ಸಲ ಇಷ್ಟು ಬೇಗ ಆಗೂದಿಲ್ಲ," ಎಂದೆ.

"ಚಾವಿ ಇದ್ದೂ ನಮ್ಗೆ ಇದಕ್ಕಿಂತ ಹೊತ್ತು ಬೇಕು."

ಹಾರೆಯವನು ಹುಡುಗನ ಅಪ್ಪನ ಕಡೆ ನೋಡಿ ಹಲ್ಲು ಕಿರಿದ. "ಹಾರ್ಡ್‌ವೇರ್ ಅಂದ್ರೆ ಇದಾ? ಇನ್ನು ನಿಮ್ಮ ಮನೆಗೆ ಕೀಲಿ ಎಂತಕ್ಕೆ ಅಣ್ಣ? ನೆಂಟ್ರೇ ಇದ್ರಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ, ನನಗೆ ಬೇರೆ ಏನೂ ತೋಚದೆ, ಆ ಬೀಗ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ ಮತ್ತೆ ಕೂರಿಸಿಕೊಟ್ಟೆ. ಹೊಸದರ ಹಾಗೆ ತಿರುಗುತ್ತಿತ್ತು. ಹುಡುಗನ ಅಮ್ಮ ಅವಲಕ್ಕಿ ಜೊತೆ ಹಾಲಿಲ್ಲದ ಚಹಾ ತಂದರು. ಅದು ಅಂಗಿಯ ಮೇಲೆ ಚೆಲ್ಲಲಿಲ್ಲ. ಕಸುಬಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೇಳಲು ಉಳಿದದ್ದಾದರೂ ಏನು?

ವಾಪಸು ಬರುವಾಗ ಹೆಂಡತಿ ಕಿಟಕಿಯಾಚೆ ನೋಡುತ್ತ ಹೇಳಿದಳು. "ಸ್ವಲ್ಪ ತಡ ಮಾಡೂಕೆ ಆಗ್ತಿರ್ಲಿಲ್ವಾ? ನಡುವೆ ನಿಲ್ಸಿ ಬೆವರು ಒರಸ್ಕೊಂಡಿದ್ರೆ ನಿಮ್ಮದೇನು ಹೋಗ್ತಿತ್ತು?"

"ಹಾಲು ಸೀಯ್ತಿತ್ತಲ್ಲ."

"ಹೇಗೂ ಸೀದು ಹೋಯ್ತು."

ಅವಳು ಹೇಳಿದ್ದು ಸರಿ. ಸ್ಪಿನ್ನರ್ ಸಾಕಷ್ಟು ಬೇಗ ತಿರುಗದಿದ್ದರೆ ಎಂದು ನಾನು ಒಂದಿಡೀ ಮಳೆಗಾಲ ಹೆದರಿದ್ದೆ. ಬೇಗ ತಿರುಗಿದರೆ ನೋಡುವವರಿಗೆ ಹೇಗಾದೀತು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಮೈ ಬೆವರಿ, ಬಾಗಿಲಿಗೆ ಗೀರು ಬಿದ್ದು, ಕೈಗೆ ರಕ್ತ ಬಂದರೆ ನಮ್ಮನ್ನು ಕೆಲಸಗಾರ ಎನ್ನುತ್ತಾರೆ. ಸಲೀಸಾಗಿ ಆದರೆ ಆ ಕೆಲಸಕ್ಕೆ ಬೇರೆ ಹೆಸರಿದೆ, ರಾತ್ರಿ ಹೊತ್ತು ಬೀಗ ತೆಗೆಯುವವರದು.

ಬೊಬ್ರುವಾಡದಿಂದ ಉತ್ತರ ಬರುವವರೆಗೆ ನಾನು ಅಂಗಡಿಯಲ್ಲಿ ಚಾವಿಗಳನ್ನು ತಪ್ಪಾಗಿ ಕೆತ್ತಿದೆ. ಬರುವುದಿಲ್ಲವೆಂದೇ ನಂಬಿದ್ದೆ. ಬಂತು, ಒಪ್ಪಿಗೆಯೆಂದೇ ಬಂತು. ಮದುವೆಯೂ ಆಯಿತು. ಊಟ ಕಡಿಮೆ ಬೀಳಲಿಲ್ಲ, ಮಳೆ ಬರಲಿಲ್ಲ, ಹಾರೆಯವನು ಬಂದು ಪಾಯಸವನ್ನು ಎರಡೆರಡು ಸಲ ಹಾಕಿಸಿಕೊಂಡ.

ಮದುವೆಯ ನಂತರ ಮಗಳನ್ನು ನೋಡಲು ಮೊದಲ ಸಲ ಹೋದಾಗ ಬಾಗಿಲಿಗೆ ಹೊಸ ಬೀಗ ಇತ್ತು. ನನ್ನ ಕಣ್ಣು ಅಲ್ಲಿಗೇ ಹೋದದ್ದನ್ನು ಅವಳ ಅತ್ತೆ ನೋಡಿದರು. "ಹಳೇದು ಎಣ್ಣೆ ಕುಡಿದು ಹಾಳಾಗಿತ್ತಲ್ಲ ಅಣ್ಣ, ಕುಮಟೆಯವ್ರನ್ನ ಕರ್ಸಿ ಬದಲು ಮಾಡ್ಸದ್ವಿ."

"ಒಳ್ಳೇದಾಯ್ತು. ಒಳ್ಳೇ ಕೀಲಿ," ಎಂದೆ.

ಹೊರಡುವಾಗ ಮಗಳು ದಣಪೆಯವರೆಗೆ ಬಂದಳು. ಸೆರಗಿನ ಮರೆಯಿಂದ ಒಂದು ಚಾವಿ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅವಳ ಪಾಲಿಗೆ ಬಂದ ನಕಲು, ಬೇರೆ ಯಾರೋ ಕೆತ್ತಿದ್ದು, ಒಂದು ಹಲ್ಲು ಕೊಂಚ ಎತ್ತರ.

"ಸ್ವಲ್ಪ ಹಿಡೀತದೆ ಅಪ್ಪಾ. ಉಜ್ಜಿ ಕೊಡು," ಎಂದಳು. ತಿರುಗಿ ಮನೆಯ ಕಡೆ ನೋಡಿ, ದನಿ ತಗ್ಗಿಸಿದಳು. "ಇಲ್ಲೇ ಉಜ್ಜು, ತಗೊಂಡು ಹೋಗ್ಬೇಡ."