ಭಾಗ್ಯಮ್ಮ ಕಟ್ಟಿಸಿದ ಜಪಾನ್ ಗೋಪುರ

ಲಕ್ಷ್ಮೀಪುರಂನಲ್ಲಿ ನಮ್ಮ ಕೆಳಮನೆಯವರು ಭಾಗ್ಯಮ್ಮ. ಮಂಡಕಳ್ಳಿಯಿಂದ ಮದುವೆಯಾಗಿ ಬಂದು, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಸಣ್ಣ ಸಣ್ಣ ಸ್ಕ್ರೂ, ಸ್ಪ್ರಿಂಗುಗಳನ್ನು ಜೋಡಿಸಿದವರು. ಶಿಫ್ಟ್ ಮುಗಿಯುವಾಗ ಒಂದು ಸ್ಕ್ರೂ ಕಡಿಮೆ ಬಂದರೂ ಮೇಜಿನಿಂದ ಏಳುವಂತಿರಲಿಲ್ಲವಂತೆ. ಆ ಕೈಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕಾರಣ, ನನ್ನ ಮಗಳು ವರ್ಷಿಣಿ.

ಅವಳ ಆರನೇ ಹುಟ್ಟುಹಬ್ಬಕ್ಕೆ ನಾನೇ ಪ್ಲಾಸ್ಟಿಕ್ ಇಟ್ಟಿಗೆಗಳ ಜಪಾನ್ ಗೋಪುರ ತರಿಸಿದ್ದೆ. ಐದು ಅಂತಸ್ತು, ಅಂಚು ಮೇಲಕ್ಕೆ ಬಾಗಿದ ಸೂರುಗಳು, ತುದಿಗೊಂದು ಚಿನ್ನದ ಬಣ್ಣದ ಕಳಶ. ಗೊಂಬೆ ಹಬ್ಬಕ್ಕೆ ನಮ್ಮ ಮನೆಯ ಈ ವರ್ಷದ ಹೊಸ ಗೊಂಬೆ ಅದೇ ಆಗಲಿ ಎಂದು ನನ್ನಾಸೆ. ಆದರೆ ಕಟ್ಟಲು ಕೂತರೆ ನನ್ನ ಬಾಯಿ ಸುಮ್ಮನಿರದು. ‘ಬಾಯಿಗೆ ಹಾಕ್ಬೇಡ.’ ‘ಅಲ್ಲಲ್ಲ, ತಿರುಗ್ಸು.’ ‘ನುಂಗಿಬಿಟ್ರೆ ಏನ್ಗತಿ?’ ಎರಡನೇ ದಿನ ಅವಳು ಡಬ್ಬ ಎತ್ತಿಕೊಂಡು ಕೆಳಗಿಳಿದಳು.

ಭಾಗ್ಯಮ್ಮ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬಣ್ಣ ಬಣ್ಣದ ಇಟ್ಟಿಗೆಗಳನ್ನು ವಿಂಗಡಿಸಿಟ್ಟು, ಪುಸ್ತಕದ ಚಿತ್ರ ನೋಡಿಕೊಂಡು ಕಟ್ಟಿಸಿದರು. ಮಗು ತಪ್ಪಿಟ್ಟರೂ ಮಾತಾಡುವುದಿಲ್ಲ. ಸೂರು ಕೂರದಿದ್ದಾಗ, ‘ಯಾಕವ್ವ ಮುನಿಸ್ಕೊಂಡದೆ ಇದು? ಕೇಳು’ ಅನ್ನುತ್ತಾರೆ, ಅಷ್ಟೇ. ಇವಳೇ ಬಿಚ್ಚಿ ಸರಿಮಾಡುತ್ತಾಳೆ. ನಾನು ಮೆಟ್ಟಿಲ ಮೇಲೆ ಒಣಗಿದ ಬಟ್ಟೆ ಹಿಡಿದು ನಿಂತು ಅವರಿಬ್ಬರ ನಗು ಕೇಳುತ್ತಿದ್ದೆ.

ಹಬ್ಬದ ಹಿಂದಿನ ದಿನ ವರ್ಷಿಣಿ, ‘ಗೋಪುರ ಕೆಳಗಿನ ಅಜ್ಜಿ ಮನೇಲೇ ಕೂರ್ಸೋದು, ಪಟ್ಟದ ಗೊಂಬೆ ಪಕ್ಕ’ ಎಂದಳು.

‘ನಮ್ಮನೇಲಿ ಗೊಂಬೆ ಇಲ್ವಾ?’

‘ನೀನು ಮುಟ್ಟಕ್ಕೇ ಬಿಡಲ್ಲ.’

ನಮ್ಮಲ್ಲಿ ಒಮ್ಮೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೆ ಕದಲಿಸುವಂತಿಲ್ಲ. ಅಷ್ಟೂ ದಿನ ಬಂದವರೆಲ್ಲ ನನ್ನ ಮಗಳ ಕೆಲಸವನ್ನು ಭಾಗ್ಯಮ್ಮನ ಮನೆಯಲ್ಲಿ ನೋಡಬೇಕು. ಅರಿಶಿನ ಕೇಳುವ ನೆಪದಲ್ಲಿ ಕೆಳಗೆ ಹೋದೆ. ಭಾಗ್ಯಮ್ಮ ಅಡುಗೆಮನೆಗೆ ಹೋದ ಹೊತ್ತಿಗೆ ತಟ್ಟೆಯಲ್ಲಿದ್ದ ಕಳಶವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಬಂದು, ಒಗ್ಗರಣೆ ಡಬ್ಬಿಯ ಸಾಸಿವೆಯೊಳಗೆ ಹೂತೆ.

ಗಂಟೆ ಕಳೆದಿರಲಿಲ್ಲ, ಮಂಡಿನೋವಿನ ಭಾಗ್ಯಮ್ಮ ವರ್ಷಿಣಿಯನ್ನು ಎತ್ತಿಕೊಂಡೇ ಮೇಲೆ ಬಂದರು.

‘ತಪ್ಪಾಯ್ತು ಕಣಮ್ಮ. ಮೂರ್ಸಲ ಎಣಿಸ್ದೆ, ಒಂದು ಕಮ್ಮಿ. ಮಂಚದ ಕೆಳಗೂ ಗುಡಿಸ್ದೆ. ಮಗು ನುಂಗ್ಬುಡ್ತೋ ಏನೋ. ನೀವು ಹೇಳ್ತಾನೇ ಇದ್ರಿ. ನಡೀರಿ ಆಸ್ಪತ್ರೆಗೆ.’

‘ನಾನು ನುಂಗಿಲ್ಲ’ ಎಂದು ವರ್ಷಿಣಿ ಬಿಕ್ಕುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ‘ನುಂಗಿದೀನಾ ಅಮ್ಮ?’ ಎಂದು ಕೇಳಿದಳು.

ಮೆಟ್ಟಿಲ ಮೇಲೆ ಸಿಕ್ಕಿತು ಎನ್ನಬಹುದಿತ್ತು. ಆ ಪ್ರಶ್ನೆ ಕೇಳಿದ ಮೇಲೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಡಬ್ಬಿ ತೆರೆದು, ಸಾಸಿವೆ ಕೊಡವಿ, ಕಳಶವನ್ನು ಅವರ ಮುಂದೆ ಹಿಡಿದೆ.

‘ನಾನೇ ತಂದಿಟ್ಟೆ. ನಿಮ್ಮನೇಲಿ ಕೂರ್ಸ್ತಾಳಲ್ಲ ಅಂತ ಹೊಟ್ಟೆ ಉರೀತು.’

ಭಾಗ್ಯಮ್ಮ ಗೋಡೆಗೊರಗಿ ಕುಸಿದು ಕೂತು ಮಂಡಿ ನೀವಿಕೊಂಡರು.

‘ಹದಿನೆಂಟು ಮೆಟ್ಲು ಹತ್ತುಸ್ಬುಟ್ರಲ್ಲ ತಾಯಿ. ಒಂದು ಲೋಟ ಕಾಪಿನಾದ್ರೂ ಕೊಡಿ.’

ಮರುದಿನ ಗೋಪುರ ಅವರ ಮನೆಯಲ್ಲೇ ಕೂತಿತು. ಕಳಶ ಇಡುವಾಗ ವರ್ಷಿಣಿ ನನ್ನನ್ನು ಕರೆಯಲಿಲ್ಲ, ಭಾಗ್ಯಮ್ಮ ಕರೆದರು. ಸೊಟ್ಟಗಿದೆ ಎನ್ನಲು ಹೋಗಿ ತಡೆದುಕೊಂಡೆ. ಸ್ಕ್ರೂ ಜೋಡಿಸಿದ ಆ ಕೈಗಳು ಮಗಳ ಬೆನ್ನ ಮೇಲಿದ್ದವು; ನನ್ನ ಹೊಟ್ಟೆಯ ಉರಿ ಪೂರಾ ಆರಿರಲಿಲ್ಲ.

ಗೊಂಬೆ ನೋಡಲು ಬಂದವರೆಲ್ಲ ಇದನ್ನು ಕಟ್ಟಿದವರು ಯಾರೆಂದು ಕೇಳುತ್ತಿದ್ದರು. ವರ್ಷಿಣಿಯ ಉತ್ತರ ಒಂಬತ್ತೂ ದಿನ ಒಂದೇ:

‘ಅಜ್ಜಿ, ನಾನು. ಕಳಶ ಮಾತ್ರ ಅಮ್ಮನ ಸಾಸಿವೇಲಿತ್ತು.’