ಖಂಡೆ ಪೂಜೆಯ ಕತ್ತರಿ

ಹುಕ್ಕೇರಿ ತಾಲೂಕಿನ ಆ ಊರಲ್ಲಿ ದಾಳಿಂಬೆ ಗಿಡದ ಟೊಂಗೆ ಕತ್ತರಿಸುವ ಚಾಟ್ನಿ ಕೆಲಸ ಶುರುವಾಗಬೇಕಾದರೆ ಮೊದಲು ಸಮ್ಮೇದಣ್ಣ ಕತ್ತರಿ ಆಡಿಸಬೇಕು. ಅವನ ಕೈಗುಣ ಚಲೋ ಎಂದು ಯಾರೋ ಒಮ್ಮೆ ಅಂದಿದ್ದರು. ಅದನ್ನು ಎಲ್ಲರಿಗಿಂತ ಮೊದಲು ನಂಬಿದವನು ಅವನೇ. ಅಜ್ಜನ ಕಾಲದ ಕತ್ತರಿ ಹಿಡಿದು ತೋಟದಿಂದ ತೋಟಕ್ಕೆ ಹೋಗಿ, ಐದು ಗಿಡ ಕತ್ತರಿಸಿ, ಚಹಾ ಕುಡಿದು ಬರುತ್ತಿದ್ದ. ಆ ಕತ್ತರಿ ನೀರು ಕಾಣುತ್ತಿದ್ದುದು ವರ್ಷಕ್ಕೊಮ್ಮೆ, ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ. ನಡುವೆ ತೊಳೆದರೆ ಕೈಗುಣ ಹೋಗುತ್ತದಂತೆ.

ಸತ್ತೆವ್ವನ ತೋಟಕ್ಕೆ ಮಾತ್ರ ಅವನು ಹೋಗಿರಲಿಲ್ಲ. ಗಂಡ ಸತ್ತ ಮೇಲೆ ಇನ್ನೂರು ಗಿಡ ತಾನೇ ನೋಡಿಕೊಳ್ಳುತ್ತಿದ್ದವಳು ಕರೆಯಲು ಬಂದಾಗ, "ಗಂಡ ಇಲ್ಲದಾಕಿ ತೋಟದಾಗ ನಾ ಮುಹೂರ್ತ ಮಾಡೂದಿಲ್ಲವ್ವಾ" ಎಂದು ಬಾಗಿಲಿನಿಂದಲೇ ಕಳಿಸಿದ್ದ. ಅಷ್ಟು ಸಣ್ಣ ಮಾತಾಡಿ ಅವತ್ತು ಹೊಟ್ಟೆ ತುಂಬ ಉಂಡ ಕೂಡ.

2004ರ ಮಳೆಗಾಲದಲ್ಲಿ ದುಂಡಾಣು ರೋಗ ಬಂತು. ಎಲೆಗಳ ಮೇಲೆ ಎಣ್ಣೆ ಸಿಡಿದಂಥ ಚುಕ್ಕೆ, ಕಾಯಿಗಳು ಬಿರಿಯತೊಡಗಿದವು. ಸಮ್ಮೇದಣ್ಣ ಒಂದೇ ದಿನದಲ್ಲಿ ಡಾಕ್ಟರ್ ಆದ. ಸಂಕೇಶ್ವರದಿಂದ ಸ್ಟ್ರೆಪ್ಟೊಮೈಸಿನ್ ಪುಡಿಯ ಪೊಟ್ಟಣ ತಂದು ಕಟ್ಟೆಯ ಮೇಲೆ ಕುಳಿತ.

"ನಮ್ಮಪ್ಪಗ ಕ್ಷಯ ಆದಾಗ ಇದ ಔಷಧದ ಇಂಜೆಕ್ಷನ್ ಮಾಡಿಸಿದ್ವಿ. ಎಂಬತ್ತು ವರ್ಷ ಬದುಕಿದ. ಮನಷ್ಯಾರ ರೋಗಾನ ಹೋತು, ಗಿಡದ್ದು ಹೋಗೂದಿಲ್ಲೇನು?"

ಲೀಟರಿಗೆ ಅರ್ಧ ಗ್ರಾಂ, ಅದೂ ಎರಡೇ ಸಲ, ಹೆಚ್ಚಾದರೆ ರೋಗಾಣುವಿಗೆ ಔಷಧ ರೂಢಿಯಾಗಿಬಿಡುತ್ತದೆ ಎಂದು ತೋಟಗಾರಿಕೆ ಇಲಾಖೆಯ ಸಾಹೇಬರು ಹೇಳಿದ್ದರು. ಸರಕಾರದವರ ಕೈ ಯಾವಾಗಲೂ ಬಿಗಿ ಎಂದು ನಕ್ಕ ಸಮ್ಮೇದಣ್ಣ ಅದರ ದುಪ್ಪಟ್ಟು ಹಾಕಿ ನಾಲ್ಕು ದಿನಕ್ಕೊಮ್ಮೆ ಹೊಡೆಸಿದ. ಊರೂ ಹೊಡೆಯಿತು. ಮೊದಲ ಸಲ ಚುಕ್ಕೆಗಳು ತಡೆದು ನಿಂತವು, ಅವನು ಎದೆ ಸೆಟೆಸಿ ತಿರುಗಾಡಿದ. ಐದನೆಯ ಸಲದ ಹೊತ್ತಿಗೆ ರೋಗ ಆ ಔಷಧವನ್ನು ಚಹಾದಂತೆ ಕುಡಿಯುತ್ತಿತ್ತು. ಅವನು ಇನ್ನಷ್ಟು ಪುಡಿ ಸುರಿದ.

ಪಕ್ಕದ ತೋಟದ ಉದ್ದಪ್ಪ ರೋಗ ತಾಳದೆ ತನ್ನ ಗಿಡಗಳನ್ನೆಲ್ಲ ಕಿತ್ತು ಹಾಕಿದ. ಸಮ್ಮೇದಣ್ಣನ ನಾನೂರು ಗಿಡ ನೋಡಿದ ಸಾಹೇಬರು, "ಇನ್ನೊಂದು ಹಂಗಾಮು ಹಿಂಗಾದ್ರ ಇವನ್ನೂ ಕೀಳಬೇಕಾಗತೈತ್ರಿ" ಎಂದರು. ಮಕ್ಕಳಂತೆ ಸಾಕಿದ ಗಿಡಗಳು.

"ಸತ್ತೆವ್ವನ ತೋಟ ಸ್ವಚ್ಛ ಐತಿ. ಆಕಿ ಔಷಧ ಹೊಡದದ್ದು ಎರಡ ಸಲ. ರೋಗದ ಟೊಂಗಿ ಕಡದು ಸುಟ್ಟಾಳ. ಗಿಡಕ್ಕೊಮ್ಮೆ ಕತ್ತರಿ ಬ್ಲೀಚಿಂಗ್ ಪುಡಿ ನೀರಾಗ ಅದ್ದತಾಳ," ಎಂದ ಸಾಹೇಬರು ಕೇಳಿದರು, "ನಿಮ್ಮ ಕತ್ತರಿ ಎಷ್ಟ ತೋಟ ತಿರಗೇತ್ರಿ?"

"ನಮ್ಮದೂ ಹಿಡದು ಹದಿನೇಳು," ಎಂದ ಸಮ್ಮೇದಣ್ಣ, ಹೆಮ್ಮೆಯಿಂದಲೇ. ಊರಲ್ಲಿ ರೋಗ ಬಿದ್ದ ತೋಟಗಳೂ ಹದಿನೇಳು ಎಂಬುದು ಹೇಳಿದ ಮೇಲೆ ನೆನಪಾಯಿತು.

ಮರುದಿನ ಹೆಂಡತಿ ಜಿನ್ನವ್ವ ಅವನನ್ನು ಕೇಳದೆಯೇ ಹೋಗಿ ಸತ್ತೆವ್ವನನ್ನು ಕರೆತಂದಳು. ಸತ್ತೆವ್ವ ಹಳೆಯ ಮಾತು ಎತ್ತಲಿಲ್ಲ.

"ಕಾಕಾ, ಬಕೀಟು ಹಿಡ್ಕೊಂಡ ಬರ್ರಿ," ಎಂದಳು ಅಷ್ಟೇ.

ಗಿಡದಿಂದ ಗಿಡಕ್ಕೆ ಅವನು ಬ್ಲೀಚಿಂಗ್ ನೀರಿನ ಬಕೆಟ್ ಹೊತ್ತು ಅವಳ ಹಿಂದೆ ನಡೆದ. ದಾರಿಯಲ್ಲಿ ನಿಂತ ಉದ್ದಪ್ಪ, "ಏನ್ ನಡಸೀರಿ ಸಮ್ಮೇದಣ್ಣಾ?" ಎಂದು ಕೇಳಿದ.

"ಆಕೀಗಿ ಚಾಟ್ನಿ ಕಲಿಸಾಕತ್ತೇನಿ."

ಸತ್ತೆವ್ವ ತಲೆ ಎತ್ತಲಿಲ್ಲ. ಕತ್ತರಿ ಚಾಚಿದಳು, ಸಮ್ಮೇದಣ್ಣ ಬಕೆಟ್ ಎತ್ತಿ ಹಿಡಿದ.