ಖಂಡೇನವಮಿಗೆ ಬಂದ್ ಮಾಡಿದ ಕಂಪ್ಯೂಟರ್

ಓಝರ್ ಹತ್ತಿರದ ನಮ್ಮ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆಯುವ ಲಿನಕ್ಸ್ ಕಂಪ್ಯೂಟರನ್ನು ವರ್ಷಕ್ಕೊಮ್ಮೆ, ಖಂಡೇನವಮಿಯ ಆಯುಧಪೂಜೆಗೆ ಮಾತ್ರ ಬಂದ್ ಮಾಡುತ್ತಿದ್ದರು. ಒಂದು ವರ್ಷ ದಸರಾ ಮುಗಿದ ಮೇಲೆ ನಾನು ಚಾಲೂ ಮಾಡಿದರೆ, ಸರಿಯಿದೆ ಎಂದು ಗೊತ್ತಿದ್ದ ಮಾದರಿ ತುಂಡನ್ನೇ ಅದು ತಪ್ಪೆಂದಿತು. ಕೆಟ್ಟು ನಿಂತಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಇದು ಆರಾಮಾಗಿ ಓಡುತ್ತಲೇ ಸುಳ್ಳು ಹೇಳುತ್ತಿತ್ತು.

ಅಳತೆಯ ಲೆಕ್ಕವೆಲ್ಲ ಒಂದು ಲೈಬ್ರರಿ ಫೈಲಿನಲ್ಲಿತ್ತು. ಪ್ರೋಗ್ರಾಮು ಶುರುವಾಗುವಾಗ ಅದನ್ನು ಫೋಲ್ಡರುಗಳಲ್ಲಿ ಸಾಲಾಗಿ ಹುಡುಕಿ, ಮೊದಲು ಸಿಕ್ಕಿದ್ದನ್ನೇ ಎತ್ತಿಕೊಳ್ಳುತ್ತದೆ. ಈ ಸಲ ಸಿಕ್ಕಿದ್ದು ಅದೇ ಹೆಸರಿನ ಹಳೆಯ ಫೈಲು. ತಿದ್ದಿದ ಹೊಸದನ್ನು ಬೇರೆ ಫೋಲ್ಡರಿನಲ್ಲಿ ಹಾಕಿಟ್ಟು ಔರಂಗಾಬಾದಿಗೆ ವರ್ಗವಾಗಿ ಹೋಗಿದ್ದ ಬೀದರಿನ ಸಹೋದ್ಯೋಗಿಗೆ ಫೋನು ಮಾಡಿದೆ.

“ಹಳೇದು ಯಾಕ ಬಿಟ್ರಿ?”

“ಇರ್ಲಿ ಅಂತ ಬಿಟ್ಟೀನ್ರಿ. ಹೊಸಾ ಫೋಲ್ಡರ್ ಮೊದಲ ನೋಡು ಅಂತ ಕಮಾಂಡ್ ಕೊಟ್ಟಿದ್ನಲ್ರಿ!”

ಆ ಕಮಾಂಡಿನ ಆಯುಷ್ಯ ಕಂಪ್ಯೂಟರ್ ಬಂದ್ ಆಗುವ ತನಕ ಅಷ್ಟೇ. ಸಿಟ್ಟು ನುಂಗಿಕೊಂಡು ಅದನ್ನು ಕಾಯಂ ಸೆಟ್ಟಿಂಗಿಗೆ ಸೇರಿಸಿದೆ, ಹಳೆಯ ಫೈಲು ಅಳಿಸಿದೆ. ಮಾದರಿ ತುಂಡು ಪಾಸಾಯಿತು.

ಆಮೇಲಿನ ವರ್ಷಗಳಲ್ಲೂ ಎಲ್ಲರೂ ಪೂಜೆಯ ಪೇಢೆಯನ್ನು ಅಲ್ಲೇ ತಿಂದು ಮುಗಿಸುತ್ತಿದ್ದರು. ನನ್ನದು, ದಸರಾ ಕಳೆದು ಆ ತುಂಡು ಮತ್ತೆ ಪಾಸಾಗುವ ತನಕ ಡಬ್ಬಿಯಲ್ಲೇ ಇರುತ್ತಿತ್ತು.